ಸಂತೆಯಿಂದ ತಂದ ಆಡು ಗಬ್ಬ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಹೊಸಹಟ್ಟಿ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಸಂತೆಯಿಂದ ಎರಡು ಆಡು ತಂದೆ. ಎರಡೂ ಉಸ್ಮಾನಾಬಾದಿ ತಳಿಯ ಕ್ರಾಸ್ ಅಂದರು. ಒಂದು ಕಪ್ಪು, ನಾಲ್ಕು ಹಲ್ಲು ಹಾಕಿದೆ. ಕೆಚ್ಚಲು ದೊಡ್ಡದಿತ್ತು. "ತುಂಬು ಗಬ್ಬ, ಇನ್ನು ಹದಿನೈದು ದಿನಕ್ಕೆ ಮರಿ ಹಾಕುತ್ತೆ" ಅಂತ ಹೇಳಿ ದುಡ್ಡು ಜಾಸ್ತಿ ತೆಗೆದುಕೊಂಡರು. ಇನ್ನೊಂದು ಕಂದು ಬಣ್ಣದ್ದು, ಎರಡು ಹಲ್ಲು, ಇನ್ನೂ ಮರಿ ಹಾಕಿಲ್ಲ. "ಹಿಂಡಿನಲ್ಲಿ ಹೋತ ಇತ್ತು, ಗಬ್ಬ ಇದ್ದರೂ ಇರಬಹುದು" ಅಂದರು.

ಹದಿನೈದು ದಿನ ಯಾವಾಗಲೋ ಕಳೆಯಿತು. ಕಪ್ಪು ಆಡು ಆರಾಮಾಗಿ ಮೇಯುತ್ತಿದೆ. ಹೊಟ್ಟೆಯೇನೋ ದೊಡ್ಡದಿದೆ, ಅದರಲ್ಲೂ ಎಡಗಡೆ. ಕಂದು ಆಡಿನ ಹೊಟ್ಟೆ ಅಷ್ಟಿಲ್ಲ, ಆದರೆ ಈಗ ಮೊಲೆ ಹತ್ತಿರ ಸ್ವಲ್ಪ ದಪ್ಪ ಆದ ಹಾಗೆ ಕಾಣುತ್ತದೆ. ಮನೆಯಲ್ಲಿ ಹೋತ ಇಲ್ಲ. ಬೆದೆಗೆ ಬಂದಿದ್ದನ್ನು ನಾನು ನೋಡಿಲ್ಲ. ಪಕ್ಕದ ಮನೆಯವರು ಎರಡೂ ಖಾಲಿ ಅಂತಾರೆ, ನಮ್ಮ ಅತ್ತೆ ಎರಡೂ ಗಬ್ಬ ಅಂತಾರೆ. ತಿಳಿದವರು ಹೇಳಿ. ದಿನ ಹತ್ತಿರ ಬಂದರೆ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನೂ ಹೇಳಿ.

ಚಳ್ಳಕೆರೆಯವ

ಅಣ್ಣ, ಮೊದಲು ಹೊಟ್ಟೆ ನೋಡುವುದನ್ನು ಬಿಡಿ. ಎಡಗಡೆ ಇರುವುದು ಮೇವಿನ ಹೊಟ್ಟೆ. ಮೇದು ಬಂದು ನೀರು ಕುಡಿದರೆ ಹೋತಕ್ಕೂ ಹೊಟ್ಟೆ ಬರುತ್ತದೆ. ಮರಿ ಬೆಳೆಯುವುದು ಬಲಗಡೆ, ಕೆಳಕ್ಕೆ. ಬೆಳಿಗ್ಗೆ ಮೇವು ಹಾಕುವ ಮುಂಚೆ ಹಿಂದುಗಡೆ ನಿಂತು ನೋಡಿ. ಎಡಗಡೆ ಪಕ್ಕೆ ಇಳಿದಿದ್ದು ಬಲಗಡೆ ಕೆಳಗೆ ತುಂಬಿಕೊಂಡಿದ್ದರೆ ಅನುಮಾನ ಪಡಬಹುದು. ಅಷ್ಟೇ, ಅನುಮಾನ ಮಾತ್ರ. ನಾಲ್ಕನೇ ತಿಂಗಳ ತನಕ ಅದೂ ಸರಿಯಾಗಿ ಕಾಣುವುದಿಲ್ಲ.

ಆಡಿನ ಗಬ್ಬ ಐದು ತಿಂಗಳು. 150 ದಿನ, ಐದು ದಿನ ಹಿಂದೆ ಮುಂದೆ. ನಮ್ಮ ಕಡೆ ಹಿರಿಯರು ಅಮಾವಾಸ್ಯೆ ಎಣಿಸುತ್ತಾರೆ. ದೀಪಾವಳಿ ಅಮಾವಾಸ್ಯೆಗೆ ಹೋತ ಬಿಟ್ಟರೆ ಯುಗಾದಿ ಅಮಾವಾಸ್ಯೆಗೆ ಮರಿ. ಲೆಕ್ಕ ಹಾಕಿ ನೋಡಿ, ಐದು ಅಮಾವಾಸ್ಯೆಗೆ 148 ದಿನ ಆಗುತ್ತದೆ. ಕ್ಯಾಲೆಂಡರ್ ಇಲ್ಲದ ಕಾಲದ ಲೆಕ್ಕ, ಈಗಲೂ ತಪ್ಪುವುದಿಲ್ಲ. ನಿಮ್ಮ ತೊಂದರೆ ಏನಂದರೆ ಹೋತ ಹಾರಿದ ದಿನವೇ ಗೊತ್ತಿಲ್ಲ. ಸಂತೆ ಆಡಿನ ಕಷ್ಟವೇ ಅದು.

ವೀಕೆಂಡ್ ರೈತ

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಪ್ರೆಗ್ನೆನ್ಸಿ ಕಿಟ್ ಆಡಿಗೂ ಕೆಲಸ ಮಾಡುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಯಾರಾದರೂ ಟ್ರೈ ಮಾಡಿದ್ದೀರಾ?

ನಿವೃತ್ತ ಪಶುವೈದ್ಯ

ಮಾಡುವುದಿಲ್ಲ. ಆ ಪಟ್ಟಿ ಹಿಡಿಯುವುದು ಎಚ್‌ಸಿಜಿ ಅನ್ನುವ ಹಾರ್ಮೋನನ್ನು. ಆಡಿನ ಮೈಯಲ್ಲಿ ಅದು ಉತ್ಪತ್ತಿಯೇ ಆಗುವುದಿಲ್ಲ. ತುಂಬು ಗಬ್ಬದ ಆಡಿಗೂ ಒಂದೇ ಗೆರೆ ಬರುತ್ತದೆ. ದುಡ್ಡು ದಂಡ.

ತೋಟದಮನೆ

ಗೋಧಿ ಕಾಳಿನ ಪರೀಕ್ಷೆ ಒಂದಿದೆ ಅಲ್ವಾ ಡಾಕ್ಟ್ರೇ? ನಮ್ಮೂರಿನಲ್ಲಿ ಹಸುವಿಗೆ ಮಾಡುತ್ತಾರೆ. ಪುಣ್ಯಕೋಟಿ ಪರೀಕ್ಷೆ ಅಂತಾರೆ.

ನಿವೃತ್ತ ಪಶುವೈದ್ಯ

ಹೌದಮ್ಮ, ಇದೆ. ಗಂಜಲಕ್ಕೆ ನೀರು ಬೆರೆಸಿ ಒಂದು ತಟ್ಟೆಯಲ್ಲಿ ಗೋಧಿ ಕಾಳು ನೆನೆಸುವುದು. ಇನ್ನೊಂದು ತಟ್ಟೆಯಲ್ಲಿ ಬರೀ ನೀರು. ಗಬ್ಬ ಇದ್ದರೆ ಗಂಜಲದ ತಟ್ಟೆಯಲ್ಲಿ ಮೊಳಕೆ ಸರಿಯಾಗಿ ಬರುವುದಿಲ್ಲ. ಖರ್ಚಿಲ್ಲ, ಮಾಡಿ ನೋಡುವುದಕ್ಕೆ ಅಡ್ಡಿಯಿಲ್ಲ. ಆದರೆ ಗಂಜಲ ಗಟ್ಟಿ ಇದ್ದರೂ ಕಾಳು ಮೊಳೆಯುವುದಿಲ್ಲ. ಹಳೇ ಕಾಳಾದರೂ ಅಷ್ಟೇ. ಆಡಿನ ಗಂಜಲ ಹಿಡಿಯುವುದೇ ಒಂದು ದೊಡ್ಡ ಕೆಲಸ. ಇದನ್ನೇ ನಂಬಿ ಆಡು ಮಾರುವುದು, ಕೊಳ್ಳುವುದು ಬೇಡ.

ಹೊಸಹಟ್ಟಿಯವರೇ, ನಿಮಗೆ ಮೂರು ದಾರಿ ಇವೆ.

ಒಂದು, ಬೆದೆ. ಖಾಲಿ ಇರುವ ಆಡು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದೆರಡು ದಿನ ಇರುತ್ತದೆ. ಬಾಲ ಪಟಪಟ ಆಡಿಸುವುದು, ಸುಮ್ನೆ ಕೂಗುವುದು, ಮೇವು ಬಿಡುವುದು, ಹಿಂದುಗಡೆ ಒದ್ದೆ ಮತ್ತು ಕೆಂಪು. ಹೋತ ಇಲ್ಲದ ಮನೆಯಲ್ಲಿ ಇದು ಕಣ್ಣಿಗೆ ಬೀಳದೆಯೂ ಹೋಗಬಹುದು. ಹೋತದ ವಾಸನೆ ಸಿಕ್ಕರೆ ಮಾತ್ರ ಕೆಲವು ಆಡು ತೋರಿಸಿಕೊಳ್ಳುತ್ತವೆ. ಹಾಗಾಗಿ ಬೆದೆ ಕಾಣಲಿಲ್ಲ, ಅದಕ್ಕೇ ಗಬ್ಬ ಅಂತ ಹೇಳಲು ಬರುವುದಿಲ್ಲ.

ಎರಡು, ಸ್ಕ್ಯಾನ್. ಇದೇ ಖಚಿತ. ಹೊಟ್ಟೆ ಮೇಲಿಂದ ನೋಡುವ ಸ್ಕ್ಯಾನ್‌ನಲ್ಲಿ ಒಂದೂವರೆ ತಿಂಗಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಮರಿಯ ಎದೆ ಬಡಿತ ಕಾಣುತ್ತದೆ. ಹಸುವಿಗೆ ಕೈ ಹಾಕಿ ನೋಡುವ ಹಾಗೆ ಆಡಿಗೆ ಆಗುವುದಿಲ್ಲ, ಜಾಗ ಸಾಲದು. ಅದಕ್ಕೇ ಸ್ಕ್ಯಾನ್ ಬೇಕಾಗುವುದು. ನಿಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ಇದೆಯಾ ಕೇಳಿ, ತಾಲ್ಲೂಕಿನಲ್ಲಿ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಮೂರು, ಕೈಯಿಂದ ಮುಟ್ಟಿ ನೋಡುವುದು. ನಾಲ್ಕು ತಿಂಗಳು ದಾಟಿದ ಮೇಲೆ ಮಾತ್ರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆಡನ್ನು ನಿಲ್ಲಿಸಿ. ಕೆಚ್ಚಲಿನ ಮುಂದೆ, ಹೊಟ್ಟೆಯ ಕೆಳಗೆ, ಬಲಗಡೆಗೆ ಅಂಗೈ ಇಟ್ಟು ಮೆಲ್ಲಗೆ ಮೇಲಕ್ಕೆ ಎತ್ತಿ ಬಿಡಿ. ಒಳಗೆ ಗಟ್ಟಿಯಾದದ್ದು ತೇಲಿ ಬಂದು ಕೈಗೆ ತಾಗುತ್ತದೆ. ಸ್ವಲ್ಪ ಹೊತ್ತು ಕೈ ಹಾಗೇ ಇಟ್ಟರೆ ಮರಿ ಒದ್ದಿದ್ದೂ ತಿಳಿಯುತ್ತದೆ. ಒತ್ತಿ ಹಿಂಡಬೇಡಿ.

ಹುನಗುಂದ ಆಡು

ಕಪ್ಪು ಆಡಿನ ಕೆಚ್ಚಲ ಬಗ್ಗೆ ನನಗೆ ಅನುಮಾನ ಇದೆ. ಸಂತೆಗೆ ಬರುವವರು ಒಂದು ಕೆಲಸ ಮಾಡುತ್ತಾರೆ. ಮರಿ ಮಾರಿದ ತಾಯಿಯನ್ನು ಒಂದೆರಡು ದಿನ ಹಾಲು ಕರೆಯದೆ ಹೊಡೆದುಕೊಂಡು ಬರುತ್ತಾರೆ. ಕೆಚ್ಚಲು ಬಿಗಿದು ನಿಂತಿರುತ್ತದೆ. ನೋಡಿದವರಿಗೆ ನಾಳೆಯೇ ಮರಿ ಹಾಕುತ್ತದೆ ಅನ್ನಿಸಬೇಕು. ತಂದ ಮೇಲೆ ಕೆಚ್ಚಲು ಸಣ್ಣದಾಯಿತಾ, ದೊಡ್ಡದಾಯಿತಾ?

ಮರಿ ಕುಡಿದ ಮೊಲೆ ಉದ್ದ ಇರುತ್ತದೆ, ತುದಿ ಸವೆದಿರುತ್ತದೆ. ಗಬ್ಬದ ಆಡಿನ ಮೊಲೆ ಕೊನೆಯ ದಿನಗಳಲ್ಲಿ ಮೇಣ ಹಚ್ಚಿದ ಹಾಗೆ ಮಿರುಗುತ್ತದೆ, ಎರಡೂ ಮೊಲೆ ಸ್ವಲ್ಪ ಹೊರಕ್ಕೆ ತಿರುಗುತ್ತವೆ.

ಹೊಸಹಟ್ಟಿ (ತುಮಕೂರು ಜಿಲ್ಲೆ)

ನೀವು ಹೇಳಿದ ಮೇಲೆ ನೆನಪಾಯಿತು. ತಂದಾಗ ಇದ್ದಷ್ಟು ಕೆಚ್ಚಲು ಈಗ ಇಲ್ಲ. ಜೋತು ಬಿದ್ದಿದೆ. ಮೊಲೆ ಹಿಂಡಿ ನೋಡಲಾ? ಹಾಲು ಬಂದರೆ ಖಾಲಿ, ಅಂಟು ಬಂದರೆ ಗಬ್ಬ ಅಂತ ಒಬ್ಬರು ಹೇಳಿದರು.

ನಿವೃತ್ತ ಪಶುವೈದ್ಯ

ದಯವಿಟ್ಟು ಹಿಂಡಬೇಡಿ. ಗಬ್ಬದ ಆಡಿನ ಮೊಲೆಯ ತುದಿಯಲ್ಲಿ ಒಂದು ಬಿರಡೆ ಕಟ್ಟಿರುತ್ತದೆ. ಹೊರಗಿನ ಕೊಳೆ ಒಳಗೆ ಹೋಗದ ಹಾಗೆ ಕಾಯುವುದು ಅದೇ. ಹಿಂಡಿ ಅದನ್ನು ತೆಗೆದರೆ ಕೆಚ್ಚಲು ಬಾವು ಬರಲು ದಾರಿ ಮಾಡಿಕೊಟ್ಟ ಹಾಗೆ. ಸಂತೆಯಲ್ಲಿ ಹತ್ತು ಜನ ಹತ್ತು ಕೈಯಲ್ಲಿ ಹಿಂಡಿರುತ್ತಾರೆ, ಮನೆಗೆ ಬಂದ ಮೇಲೆ ಕೆಚ್ಚಲು ಕಲ್ಲಾಗುತ್ತದೆ. ಇದು ನಾನು ಕೆಲಸದಲ್ಲಿ ಬಹಳ ನೋಡಿದ್ದು.

ರೇಷ್ಮೆ ಕೋಲಾರ

ನಮ್ಮದು ಹದಿನೆಂಟು ಮೇಕೆ, ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ತಿಂದೇ ಬೆಳೆದವು. ದಿನ ಹತ್ತಿರ ಬಂದಿದ್ದು ತಿಳಿಯುವುದಕ್ಕೆ ನಾನು ನಂಬುವುದು ಬಾಲದ ಬುಡವನ್ನು ಮಾತ್ರ. ಕೆಚ್ಚಲು ಮೋಸ ಮಾಡುತ್ತದೆ. ಚೊಚ್ಚಲು ಮೇಕೆಗೆ ಒಂದೂವರೆ ತಿಂಗಳ ಮುಂಚೆಯೇ ಕೆಚ್ಚಲು ಬಿಡಲು ಶುರುವಾಗುತ್ತದೆ. ನಾಲ್ಕೈದು ಸೂಲು ಆದದ್ದಕ್ಕೆ ಕೊನೆಯ ವಾರದ ತನಕ ಏನೂ ಇರುವುದಿಲ್ಲ. ಕೆಲವಕ್ಕೆ ಮರಿ ಬಿದ್ದ ಮೇಲೇ ಹಾಲು ಇಳಿಯುತ್ತದೆ.

ಹೀಗೆ ಮಾಡಿ. ಮೇಕೆಯ ಬೆನ್ನಿನ ಮೇಲೆ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಬಾಲದ ಕಡೆಗೆ ಜಾರಿಸಿಕೊಂಡು ಬನ್ನಿ. ಸೊಂಟದ ಮೂಳೆ ದಾಟಿದ ಮೇಲೆ, ಬಾಲ ಶುರುವಾಗುವ ಮುಂಚೆ, ಎರಡೂ ಕಡೆ ಓರೆಯಾಗಿ ಇಳಿಯುವ ಎರಡು ನರ ಬೆರಳಿಗೆ ಸಿಗುತ್ತವೆ. ಪೆನ್ಸಿಲ್ ದಪ್ಪ, ಪೆನ್ಸಿಲ್‌ನಷ್ಟೇ ಗಟ್ಟಿ. ದಿನ ಹತ್ತಿರ ಬಂದ ಹಾಗೆ ಇವು ಮೆತ್ತಗಾಗುತ್ತಾ ಹೋಗುತ್ತವೆ. ಒಂದು ದಿನ ಹುಡುಕಿದರೂ ಸಿಗುವುದಿಲ್ಲ. ಬಾಲದ ಎರಡೂ ಪಕ್ಕ ಗುಂಡಿ ಬಿದ್ದಿರುತ್ತದೆ, ಬಾಲದ ಬುಡವನ್ನು ಸುತ್ತ ಹಿಡಿದರೆ ಬೆರಳುಗಳು ಹೆಚ್ಚು ಕಡಿಮೆ ಒಂದಕ್ಕೊಂದು ತಾಗುತ್ತವೆ. ಅವತ್ತು ಮೇಯಲು ಬಿಡಬೇಡಿ. ಸಾಮಾನ್ಯವಾಗಿ ಒಂದು ದಿನದ ಒಳಗೆ ಮರಿ ಬೀಳುತ್ತದೆ.

ಒಂದು ಮಾತು. ಇದು ಕೈಗೆ ಅಭ್ಯಾಸ ಆಗಬೇಕು. ಇವತ್ತೇ ಶುರು ಮಾಡಿ, ದಿನಾ ಸಂಜೆ ಕಟ್ಟುವಾಗ ಒಂದು ಸಲ ಮುಟ್ಟಿ. ಗಟ್ಟಿ ಇದ್ದಾಗ ಹೇಗಿತ್ತು ಅಂತ ಗೊತ್ತಿಲ್ಲದಿದ್ದರೆ ಮೆತ್ತಗಾಗಿದ್ದು ಹೇಗೆ ಗೊತ್ತಾಗುತ್ತದೆ?

ಚಳ್ಳಕೆರೆಯವ

ನೂರಕ್ಕೆ ನೂರು ನಿಜ. ಅದರ ಜೊತೆ ನಡವಳಿಕೆ ನೋಡಿ. ಹಿಂಡು ಬಿಟ್ಟು ಒಂದು ಮೂಲೆ ಹಿಡಿಯುತ್ತದೆ. ಕಾಲಿನಿಂದ ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ. ತನ್ನ ಪಕ್ಕೆಯನ್ನೇ ತಿರುಗಿ ನೋಡುತ್ತದೆ. ಸಣ್ಣ ದನಿಯಲ್ಲಿ ಹೊಟ್ಟೆಯೊಳಗಿನ ಮರಿಯನ್ನು ಮಾತಾಡಿಸಿದ ಹಾಗೆ ಗುನುಗುತ್ತದೆ. ಪಕ್ಕೆ ಒಳಕ್ಕೆ ಇಳಿದು ಗುಂಡಿ ಬಿದ್ದಿರುತ್ತದೆ, ಯಾಕಂದರೆ ಮರಿ ಹಿಂದಕ್ಕೆ ಕೆಳಕ್ಕೆ ಬಂದಿರುತ್ತದೆ. ಹಿಂದುಗಡೆಯಿಂದ ಗಟ್ಟಿ ಲೋಳೆ ದಾರವಾಗಿ ಇಳಿದರೆ ಮತ್ತೆ ಹೊಲಕ್ಕೆ ಹೋಗಬೇಡಿ, ಅಲ್ಲೇ ಇರಿ.

ವೀಕೆಂಡ್ ರೈತ

ನಾನು ಬೆಂಗಳೂರಿನಲ್ಲಿ ಇರುವುದರಿಂದ ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಿದ್ದೇನೆ. ರಾತ್ರಿ ಎದ್ದು ಎದ್ದು ಮೊಬೈಲ್ ನೋಡುವುದೇ ಆಯಿತು. ನೋಡುವಾಗ ಮಲಗಿರುತ್ತದೆ, ಬೆಳಿಗ್ಗೆ ಪಕ್ಕದಲ್ಲಿ ಎರಡು ಮರಿ!

ಹುನಗುಂದ ಆಡು

ಅದು ನಿಮ್ಮ ಪುಣ್ಯ ಸಾರ್. ತಾನೇ ಹಾಕಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ನಾವು ನಡುವೆ ಕೈ ಹಾಕಿದಾಗಲೇ ಕೆಡುವುದು ಜಾಸ್ತಿ.

ಹೊಸಹಟ್ಟಿ (ತುಮಕೂರು ಜಿಲ್ಲೆ)

ಸ್ಕ್ಯಾನ್ ಮಾಡಿಸಿಕೊಂಡು ಬಂದೆ. ಕಪ್ಪು ಆಡು ಖಾಲಿ! ಹುನಗುಂದದವರು ಹೇಳಿದ್ದೇ ಆಯಿತು. ಕಂದು ಆಡು ಗಬ್ಬ ಇದೆ, ಮೂರು ತಿಂಗಳ ಮೇಲಾಗಿದೆ ಅಂದರು. ಒಂದೋ ಎರಡೋ ಅಂತ ಈಗ ಸರಿಯಾಗಿ ಹೇಳಲು ಆಗುವುದಿಲ್ಲವಂತೆ, ದಿನವೂ ಖಚಿತ ಹೇಳಲು ಬರುವುದಿಲ್ಲವಂತೆ. ಯಾಕೆ ಹಾಗೆ?

ನಿವೃತ್ತ ಪಶುವೈದ್ಯ

ಮರಿ ದೊಡ್ಡದಾದ ಮೇಲೆ ಪರದೆಯಲ್ಲಿ ಪೂರ್ತಿ ಹಿಡಿಯುವುದಿಲ್ಲ. ಒಂದು ಕಡೆ ತಲೆ ಕಂಡರೆ ಇನ್ನೊಂದು ಕಡೆ ಕಾಲು. ಅದು ಯಾರ ಕಾಲು ಅಂತ ಹೇಳುವುದು ಕಷ್ಟ. ಎಷ್ಟು ಮರಿ ಅಂತ ಎಣಿಸಲು ಒಂದೂವರೆಯಿಂದ ಮೂರು ತಿಂಗಳ ಒಳಗೆ ನೋಡಿಸಬೇಕು. ಉಸ್ಮಾನಾಬಾದಿಯಲ್ಲಿ ಅವಳಿ ಮಾಮೂಲು. ಎರಡಿದೆ ಅಂದುಕೊಂಡೇ ಮೇವು ಕೊಡಿ.

ಸ್ಕ್ಯಾನ್ ಮಾಡಿಸಿದ್ದು ಇನ್ನೊಂದು ಕಾರಣಕ್ಕೂ ಒಳ್ಳೆಯದಾಯಿತು. ಸುಳ್ಳು ಗಬ್ಬ ಅಂತ ಒಂದಿದೆ. ಗರ್ಭಕೋಶದಲ್ಲಿ ಬರೀ ನೀರು ತುಂಬಿರುತ್ತದೆ, ಮರಿ ಇರುವುದಿಲ್ಲ. ಹೊಟ್ಟೆ ಬೆಳೆಯುತ್ತದೆ, ಬೆದೆ ನಿಲ್ಲುತ್ತದೆ, ಕೆಚ್ಚಲೂ ಬರಬಹುದು. ಐದು ತಿಂಗಳಿಗೋ ಅದಕ್ಕಿಂತ ಮುಂಚೆಯೋ ಒಂದು ದಿನ ನೀರೆಲ್ಲ ಹೊರಗೆ ಬಂದು ಹೊಟ್ಟೆ ಇಳಿದುಬಿಡುತ್ತದೆ. ಮರಿ ಎಲ್ಲಿ ಹೋಯಿತು, ನಾಯಿ ಎತ್ತಿಕೊಂಡು ಹೋಯಿತಾ ಅಂತ ಜನ ಹುಡುಕುತ್ತಿರುತ್ತಾರೆ. ಇದಕ್ಕೆ ಇಂಜೆಕ್ಷನ್ ಇದೆ. ಆದರೆ ಅದೇ ಇಂಜೆಕ್ಷನ್ ನಿಜವಾದ ಗಬ್ಬಕ್ಕೆ ಕೊಟ್ಟರೆ ಗಬ್ಬ ಹೋಗುತ್ತದೆ. ಸ್ಕ್ಯಾನ್ ಇಲ್ಲದೆ ಯಾರಾದರೂ ಸೂಜಿ ಹಾಕಲು ಬಂದರೆ ಬೇಡ ಅನ್ನಿ.

ತೋಟದಮನೆ

ಈಗ ಏನು ಮೇವು ಕೊಡಬೇಕು ಅಂತಲೂ ಹೇಳಿಬಿಡಿ. ನಮ್ಮಲ್ಲೂ ಒಂದು ತುಂಬು ಗಬ್ಬ ಇದೆ. ಹೊಟ್ಟೆ ಭಾರ ಆಗುತ್ತದೆ ಅಂತ ನಮ್ಮ ಯಜಮಾನರು ಹಿಂಡಿ ಕಡಿಮೆ ಮಾಡಿದ್ದಾರೆ.

ನಿವೃತ್ತ ಪಶುವೈದ್ಯ

ಯಜಮಾನರಿಗೆ ಹೇಳಿ, ಕಡಿಮೆ ಮಾಡುವ ಕಾಲ ಇದಲ್ಲ. ಮರಿ ಹೆಚ್ಚು ಬೆಳೆಯುವುದೇ ಕೊನೆಯ ಒಂದೂವರೆ ತಿಂಗಳಲ್ಲಿ. ಮರಿ ಜಾಗ ಹಿಡಿದ ಹಾಗೆ ತಾಯಿಗೆ ಒಂದೇ ಸಲ ತಿನ್ನಲು ಆಗುವುದಿಲ್ಲ. ಅವಳಿ ಇದ್ದ ಆಡು ಈ ಹೊತ್ತಿನಲ್ಲಿ ಮೇವು ಬಿಟ್ಟರೆ ಮೈಯ ಕೊಬ್ಬು ಕರಗಿ ರಕ್ತ ಕೆಡುತ್ತದೆ. ಮಂಕಾಗುತ್ತದೆ, ಹಲ್ಲು ಕಡಿಯುತ್ತದೆ, ಬಾಯಲ್ಲಿ ಒಂದು ಥರ ಸಿಹಿ ವಾಸನೆ, ಆಮೇಲೆ ಎದ್ದೇಳುವುದಿಲ್ಲ. ಮೇವು ಬಿಟ್ಟ ದಿನವೇ ಡಾಕ್ಟರನ್ನು ಕರೆಸಿ. ಅವರು ಬರುವ ತನಕ, ತಾನಾಗಿ ನುಂಗುತ್ತಿದ್ದರೆ ಬೆಲ್ಲದ ನೀರು ಸ್ವಲ್ಪ ಸ್ವಲ್ಪ ಕುಡಿಸಬಹುದು.

ಹಿಂಡಿ, ನುಚ್ಚು, ಬೂಸಾ ಸೇರಿಸಿ ದಿನಕ್ಕೆ ಕಾಲು ಕಿಲೋ, ಎರಡು ಸಲಕ್ಕೆ ಹಂಚಿ. ಒಂದೇ ದಿನ ಏರಿಸಬೇಡಿ, ಹೊಟ್ಟೆ ಕೆಡುತ್ತದೆ. ಒಳ್ಳೆಯ ಸೊಪ್ಪು, ಒಣ ಹೊಟ್ಟು ಯಾವಾಗಲೂ ಮುಂದಿರಲಿ. ಹಾಲು ಕರೆಯುತ್ತಿದ್ದರೆ ಮರಿ ಹಾಕುವ ಎರಡು ತಿಂಗಳ ಮುಂಚೆ ನಿಲ್ಲಿಸಿ. ಕರುಳುಬೇನೆ ಲಸಿಕೆಯನ್ನು ಮರಿ ಹಾಕುವ ಮೂರು ನಾಲ್ಕು ವಾರ ಮುಂಚೆ ಹಾಕಿಸಿದರೆ ಗಿಣ್ಣು ಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಜಂತಿನ ಔಷಧಿ ನಿಮ್ಮಷ್ಟಕ್ಕೆ ನೀವು ಕೊಡಬೇಡಿ. ಆಲ್ಬೆಂಡಜೋಲ್ ಗಬ್ಬ ಕಟ್ಟಿದ ಮೊದಲ ತಿಂಗಳಲ್ಲಿ ಕೂಡದು.

ಹುನಗುಂದ ಆಡು

ನಮ್ಮಲ್ಲಿ ಶೇಂಗಾ ಹೊಟ್ಟು, ತೊಗರಿ ಹೊಟ್ಟು ಧಾರಾಳ. ಅದರ ಮೇಲೆ ಒಂದು ಹಿಡಿ ಗೋವಿನಜೋಳದ ನುಚ್ಚು. ಗಬ್ಬದ ಆಡನ್ನು ಇಕ್ಕಟ್ಟು ಬಾಗಿಲಲ್ಲಿ ಹಿಂಡಿನ ಜೊತೆ ನುಗ್ಗಿಸಬೇಡಿ. ಬೇರೆ ಆಡು ಹೊಟ್ಟೆಗೆ ಹಾಯ್ದು ಗಬ್ಬ ಹೋಗುವುದುಂಟು.

ನಿವೃತ್ತ ಪಶುವೈದ್ಯ

ಗಬ್ಬ ಹೋಗುವ ಮಾತು ಬಂತು, ಇದನ್ನೂ ಹೇಳುತ್ತೇನೆ. ದಿನ ತುಂಬುವ ಮುಂಚೆ ಮರಿ ಬಿದ್ದರೆ ಎಲ್ಲವೂ ಹಾಯ್ದಿದ್ದರಿಂದ ಅಲ್ಲ. ಬ್ರೂಸೆಲ್ಲಾದಂಥ ರೋಗ ಇರಬಹುದು, ಅದು ಮನುಷ್ಯರಿಗೂ ಬರುತ್ತದೆ. ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಡಾಕ್ಟರಿಗೆ ತಿಳಿಸಿ, ಆಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಆಡಿನ ಹೆರಿಗೆ ಕೆಲಸಕ್ಕೇ ಬರುವುದು ಬೇಡ.

ತೋಟದಮನೆ

ಇದು ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಸೊಸೆ ಬಸುರಿ, ಆಡಿನ ಕೆಲಸ ಎಲ್ಲ ಅವಳದ್ದೇ. ಇವತ್ತಿನಿಂದ ಬೇಡ ಅಂತ ಹೇಳುತ್ತೇನೆ. ಡಾಕ್ಟ್ರೇ, ನೋವು ಶುರುವಾದ ಮೇಲೆ ಎಷ್ಟು ಹೊತ್ತು ಕಾಯಬೇಕು?

ನಿವೃತ್ತ ಪಶುವೈದ್ಯ

ಚಡಪಡಿಕೆ ಗಂಟೆಗಟ್ಟಲೆ ಇರಬಹುದು, ಅದಕ್ಕೆ ಹೆದರಬೇಡಿ. ಜೋರಾಗಿ ಮುಕ್ಕಿರಿಯಲು ಶುರು ಮಾಡಿ ಅರ್ಧ ಗಂಟೆಯಾದರೂ ಏನೂ ಕಾಣದಿದ್ದರೆ ಫೋನ್ ಮಾಡಿ. ಪಶು ಆಂಬುಲೆನ್ಸ್ ನಂಬರ್ 1962. ನೀರಿನ ಚೀಲದ ಹಿಂದೆ ಎರಡು ಮುಂಗಾಲು, ಅದರ ಮೇಲೆ ಮೂತಿ ಕಂಡರೆ ಸರಿಯಾಗಿದೆ, ಸುಮ್ಮನಿರಿ. ಹಿಂಗಾಲು ಎರಡೂ ಒಟ್ಟಿಗೆ ಬಂದರೂ ಸಾಮಾನ್ಯವಾಗಿ ಆಗುತ್ತದೆ. ಒಂದೇ ಕಾಲು, ಬರೀ ತಲೆ, ಬರೀ ಬಾಲ ಕಂಡರೆ ಎಳೆಯಬೇಡಿ.

ಮರಿ ಬಿದ್ದ ಕೂಡಲೇ ಮೂಗು ಬಾಯಿ ಒರೆಸಿ, ತಾಯಿ ಮುಂದೆ ಹಾಕಿ, ನೆಕ್ಕಲು ಬಿಡಿ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ.

ಚಳ್ಳಕೆರೆಯವ

ಕಸ, ಅಂದರೆ ಮಾಸು, ಬೀಳುವ ತನಕ ಮರಿಗೆ ಹಾಲು ಬಿಡಬಾರದು ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಇದೊಂದು ಮಾತು ನಾನು ಕೇಳುವುದಿಲ್ಲ. ಡಾಕ್ಟ್ರು ಏನಂತೀರಿ?

ನಿವೃತ್ತ ಪಶುವೈದ್ಯ

ಕೇಳಬೇಡಿ. ಮರಿ ಮೊಲೆ ಚೀಪಿದರೆ ಗರ್ಭಕೋಶ ಬಿಗಿದು ಕಸ ಬೇಗ ಬೀಳುತ್ತದೆ. ಕಾಯುತ್ತಾ ಕೂತರೆ ಎರಡೂ ಕಡೆ ನಷ್ಟ. ಗಿಣ್ಣು ಹಾಲು ಒಂದು ಗಂಟೆಯೊಳಗೆ ಹೊಟ್ಟೆಗೆ ಹೋಗಬೇಕು. ಎರಡು ಕಿಲೋ ಮರಿಗೆ ಮೊದಲ ದಿನ ಒಟ್ಟು 200 ಮಿಲಿ ಆದರೂ ಬೇಕು, ನಾಲ್ಕೈದು ಸಲಕ್ಕೆ. ಕಸ 12 ಗಂಟೆಯಾದರೂ ಬೀಳದಿದ್ದರೆ ಡಾಕ್ಟರು ನೋಡಲಿ. ಜೋತುಬಿದ್ದದ್ದನ್ನು ಎಳೆಯುವುದು, ಅದಕ್ಕೆ ಚಪ್ಪಲಿ ಕಟ್ಟುವುದು ಇವೆಲ್ಲ ಬೇಡ.

ಹೊಸಹಟ್ಟಿ (ತುಮಕೂರು ಜಿಲ್ಲೆ)

ಕಂದು ಆಡಿನ ಬಾಲದ ಬುಡ ನಿನ್ನೆ ಸಂಜೆಯಿಂದ ಮುಟ್ಟಿ ನೋಡುತ್ತಿದ್ದೇನೆ. ನರ ಎರಡೂ ಗಟ್ಟಿ ಇವೆ. ಅತ್ತೆಯೂ ಮುಟ್ಟಿ ನೋಡಿ, ಇನ್ನೂ ದಿನ ಇದೆ ಅಂದರು. ಪುಸ್ತಕದಲ್ಲಿ ತಾರೀಖು ಬರೆದಿಡುತ್ತಿದ್ದೇನೆ.

ಈಗ ಕಪ್ಪು ಆಡಿನ ಯೋಚನೆ. ಅದಕ್ಕೆ ಹೋತ ಬಿಡಿಸಬೇಕು. ಪಕ್ಕದ ಊರಿನಲ್ಲಿ ಒಂದು ಭಾರಿ ಜಮುನಾಪಾರಿ ಹೋತ ಇದೆ, ಮರಿ ದೊಡ್ಡದು ಬರುತ್ತದೆ ಅಂತಾರೆ. ಆಗಬಹುದಾ?

ರೇಷ್ಮೆ ಕೋಲಾರ

ನಿಮ್ಮ ಆಡು ಎಷ್ಟು ತೂಕ ಇದೆ? ಸಣ್ಣ ಮೈಯ ಆಡಿಗೆ ಭಾರಿ ಹೋತ ಹಾರಿಸಿದರೆ ಮರಿ ದೊಡ್ಡದಾಗಿ ಸಿಕ್ಕಿಕೊಳ್ಳುತ್ತದೆ. ಉಸ್ಮಾನಾಬಾದಿ ಹೋತವನ್ನೇ ಹುಡುಕಿ. ಬೆದೆ ಗೊತ್ತಾಗುತ್ತಿಲ್ಲ ಅಂದರೆ ಒಂದು ಹಳೇ ಬಟ್ಟೆಯನ್ನು ಹೋತದ ಕೊಂಬಿನ ಹಿಂದೆ ಚೆನ್ನಾಗಿ ಉಜ್ಜಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ. ದಿನಾ ಆಡಿನ ಮೂಗಿಗೆ ಹಿಡಿಯಿರಿ. ಬೆದೆ ಇದ್ದ ದಿನ ಬಾಲ ಆಡಿಸುತ್ತಾ ಡಬ್ಬಿ ಬಿಟ್ಟು ಹೋಗುವುದಿಲ್ಲ. ಡಬ್ಬಿ ಮನೆಯೊಳಗೆ ಮಾತ್ರ ತರಬೇಡಿ, ಆ ವಾಸನೆಗೆ ಅತ್ತೆ ನಿಮ್ಮನ್ನೇ ಹೊರಗೆ ಹಾಕುತ್ತಾರೆ.

ಹೊಸಹಟ್ಟಿ (ತುಮಕೂರು ಜಿಲ್ಲೆ)

ಹಹ್ಹ, ಸರಿ ಅಣ್ಣ. ಶಿರಾ ಕಡೆ ಯಾರ ಹತ್ತಿರವಾದರೂ ಒಳ್ಳೆಯ ಉಸ್ಮಾನಾಬಾದಿ ಹೋತ ಇದ್ದರೆ ಇಲ್ಲೇ ತಿಳಿಸಿ. ಆಡು ಹೊಡೆದುಕೊಂಡು ನಾನೇ ಬರುತ್ತೇನೆ.